ಕನ್ನಡಿಯಲ್ಲಿ ಪಕ್ಕದ ಮನೆಯವರು

"ನನಗೆ ಒಂದು ಲೆಕ್ಕ ಮಾತ್ರ ತಿಳಿಯೋದಿಲ್ಲ ಮೇಡಂ," ಎಂದರು ರಾಯರು. "ಸಮಾಜ ಸರಿಯಿಲ್ಲ ಅಂತ ಒಬ್ಬ ಬರೀತಾನೆ. ಅದೇ ಸಮಾಜ ದುಡ್ಡು ಕೊಟ್ಟು ಅದನ್ನ ಕೊಂಡು ಓದುತ್ತೆ. ಚಪ್ಪಾಳೆ ಬೇರೆ ತಟ್ಟುತ್ತೆ. ನಮ್ಮ ಬ್ಯಾಂಕಿಗೆ ಬೈದು ಪತ್ರ ಬರೆದೋರಿಗೆ ನಾವು ಯಾವತ್ತಾದ್ರೂ ಬೋನಸ್ ಕೊಟ್ಟಿದ್ವಾ?"

ರಾಯರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಯಾವ ವಿಷಯ ಬಂದರೂ ಜಮಾ ಎಷ್ಟು, ಖರ್ಚೆಷ್ಟು ಅಂತ ಕೇಳದೆ ಬಿಡುವವರಲ್ಲ. ಮೇಡಂ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಹೇಳಿದವರು. ವಕೀಲರು ವಕೀಲರೇ, ಭಾನುವಾರವೂ. ಪುಟ್ಟ ಸಾಫ್ಟ್‌ವೇರ್ ಕೆಲಸದವನು, ನಮ್ಮೆಲ್ಲರಿಗಿಂತ ಕಿರಿಯ, ಮಾತಿನಲ್ಲಿ ಮಾತ್ರ ಹಿರಿಯ. ಇಷ್ಟು ಜನ ರಾಯರ ಮನೆಯ ಜಗಲಿಯಲ್ಲಿ ಸೇರಿದರೆ ಊಟ ತಡವಾಗುವುದು ಖಂಡಿತ. ನಾನು ಹೋಗುವುದು ಕಾಫಿಗೆ ಅಂತ ಹೇಳಿಕೊಳ್ಳುತ್ತೇನೆ.

"ಬೈಗುಳ ಚೆನ್ನಾಗಿದ್ರೆ ಜನ ಕೊಳ್ತಾರೆ ರಾಯರೇ," ಎಂದರು ಮೇಡಂ. "ನಿಮ್ಮ ಭಾಷೆಯಲ್ಲೇ, ಅಂದ್ರೆ ಪೂರ್ತಿ ಲೆಕ್ಕದಲ್ಲೇ ಬೈದೋನು ಒಬ್ಬ ಇದ್ದಾನೆ. ಜೊನಾಥನ್ ಸ್ವಿಫ್ಟ್."

"ಲಿಲ್ಲಿಪುಟ್ ಕತೆ ಬರೆದೋನು ಅಲ್ವಾ? ಮಕ್ಕಳ ಪುಸ್ತಕ."

"ಅದನ್ನ ಮಕ್ಕಳ ಪುಸ್ತಕ ಮಾಡಿದ್ದು ನಾವು. ಇರಲಿ, ಇದು ಬೇರೆ. ಇವನು ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ ಕ್ಯಾಥೆಡ್ರಲ್‌ನಲ್ಲಿ ದೊಡ್ಡ ಪಾದ್ರಿ. ಐರ್ಲೆಂಡಿನ ಬೀದಿಯಲ್ಲಿ ಎಲ್ಲಿ ನೋಡಿದ್ರೂ ಮಕ್ಕಳನ್ನ ಕಟ್ಟಿಕೊಂಡು ಭಿಕ್ಷೆ ಬೇಡೋ ಹೆಂಗಸರು. ಜಮೀನ್ದಾರರಲ್ಲಿ ಬೇಕಾದಷ್ಟು ಜನ ಇಂಗ್ಲೆಂಡಿನಲ್ಲಿ ಕೂತು ಗೇಣಿ ಎಣಿಸೋರು. 1729ರಲ್ಲಿ ಸ್ವಿಫ್ಟ್ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. 'ಎ ಮಾಡೆಸ್ಟ್ ಪ್ರಪೋಸಲ್' ಅಂತ. ಬಹಳ ವಿನಯದಿಂದ ಒಂದು ಸಲಹೆ ಕೊಡ್ತಾನೆ. ಬಡವರ ಮಕ್ಕಳಿಗೆ ಒಂದು ವರ್ಷ ತುಂಬಿದ ಮೇಲೆ ಶ್ರೀಮಂತರ ಊಟಕ್ಕೆ ಮಾರಿಬಿಡಿ."

ರಾಯರ ಲೋಟ ತುಟಿಯ ಹತ್ತಿರವೇ ನಿಂತಿತು. "ಏನಂದ್ರಿ?"

"ಲೆಕ್ಕ ಕೇಳಿ. ವರ್ಷಕ್ಕೆ ಹುಟ್ಟೋ ಬಡವರ ಮಕ್ಕಳು 1,20,000. ಮುಂದಿನ ಸಂತಾನಕ್ಕೆ ಅಂತ 20,000 ಉಳಿಸಿಕೊಳ್ಳಿ. ಮಿಕ್ಕಿದ್ದು 1,00,000, ಮಾರಾಟಕ್ಕೆ. ಒಂದು ಮಗು ಸಾಕೋ ಖರ್ಚು ವರ್ಷಕ್ಕೆ 2 ಶಿಲಿಂಗ್. ಮಾರಿದ್ರೆ ಬರೋದು 10 ಶಿಲಿಂಗ್. ತಾಯಿಗೆ ನಿವ್ವಳ ಲಾಭ..."

"ಎಂಟು," ಎಂದರು ರಾಯರು. "ಲೆಕ್ಕ ಸರಿಯಾಗಿದೆ." ಒಂದು ಕ್ಷಣ ಬಿಟ್ಟು, "ಛೀ ಛೀ! ರಾಮ ರಾಮ!" ಎಂದು ಲೋಟ ಕೆಳಗಿಟ್ಟರು.

"ಸಿಕ್ಕಿಬಿದ್ರಿ!" ಎಂದು ಮೇಡಂ ಕೈ ತಟ್ಟಿದರು. "ಲೆಕ್ಕ ಸರಿಯಾಗಿದೆ ಅಂತ ತಲೆಯಾಡಿಸೋರನ್ನ ಹಿಡಿಯೋಕೇ ಅವನು ಬಲೆ ಹಾಕಿದ್ದು. ಆ ಕಾಲದಲ್ಲಿ ಬಡತನಕ್ಕೆ ಇಂಥ ಲೆಕ್ಕದ ಪರಿಹಾರ ಬರೆಯೋ ಮಹನೀಯರು ಬೇಕಾದಷ್ಟು ಜನ ಇದ್ರು. ಮನುಷ್ಯರನ್ನ ಸರಕು ಅಂತ ಎಣಿಸೋದಾದ್ರೆ ಪೂರ್ತಿ ಎಣಿಸಿ, ನಿಲ್ಲಿಸ್ತೀರಿ ಯಾಕೆ ಅಂತ ಅವನು ಕೇಳಿದ್ದು. ಬೇಯಿಸಿದ್ರೂ ರುಚಿ, ಹುರಿದ್ರೂ ರುಚಿ ಅಂತ ಅಡುಗೆ ವಿವರ ಬೇರೆ ಕೊಡ್ತಾನೆ. ಈ ಮಾಂಸ ಸ್ವಲ್ಪ ದುಬಾರಿ, ಆದ್ದರಿಂದ ಜಮೀನ್ದಾರರಿಗೇ ಸರಿ ಅಂತಾನೆ. ಅಪ್ಪ ಅಮ್ಮಂದಿರನ್ನ ಆಗಲೇ ಬಹುಪಾಲು ತಿಂದು ಮುಗಿಸಿದ್ದಾರೆ, ಮಕ್ಕಳ ಮೇಲೂ ಹಕ್ಕು ಅವರದ್ದೇ ಅಂತೆ."

ಇಡೀ ಪುಸ್ತಕದಲ್ಲಿ ಸಿಟ್ಟು ಮುಖವಾಡ ಸರಿಸಿ ಹೊರಗೆ ಇಣುಕುವುದು ಇದೊಂದು ಕಡೆ ಮಾತ್ರ ಅಂತ ನನಗನ್ನಿಸುತ್ತದೆ. ಉಳಿದ ಕಡೆಯೆಲ್ಲ ಸರ್ಕಾರಿ ವರದಿಯ ದನಿ. ಅದಕ್ಕೇ ಮೈ ಜುಂ ಅನ್ನುತ್ತದೆ.

"ಕೊನೆಯಲ್ಲಿ ಏನು ಹೇಳ್ತಾನೆ ಗೊತ್ತಾ?" ಎಂದ ಪುಟ್ಟ. "ಇದರಲ್ಲಿ ನನಗೆ ಸ್ವಂತ ಲಾಭ ಏನೂ ಇಲ್ಲ. ನನ್ನ ಕಡೇ ಮಗುವಿಗೆ ಒಂಬತ್ತು ವರ್ಷ, ಹೆಂಡತಿಗೆ ಹೆರೋ ವಯಸ್ಸು ದಾಟಿದೆ ಅಂತ."

"ಡಿಕ್ಲರೇಶನ್ ಕೂಡ ಕೊಟ್ಟಿದ್ದಾನೆ!" ರಾಯರಿಗೆ ಅಸಹ್ಯದ ಮಧ್ಯೆಯೂ ಮೆಚ್ಚುಗೆ. "ಸಾಲದ ಅರ್ಜಿ ಹೀಗಿರ್ಬೇಕು."

"ಅಸಲಿ ಪರಿಹಾರಗಳನ್ನೂ ಬರೆದಿದ್ದಾನೆ," ಎಂದರು ಮೇಡಂ. "ಊರಲ್ಲಿಲ್ಲದ ಜಮೀನ್ದಾರರ ಮೇಲೆ ತೆರಿಗೆ ಹಾಕೋದು, ನಮ್ಮಲ್ಲೇ ತಯಾರಾದ ಬಟ್ಟೆ ಉಡೋದು, ನಮ್ಮ ಸಾಮಾನೇ ಬಳಸೋದು..."

"ಸ್ವದೇಶಿ!" ಎಂದರು ವಕೀಲರು.

"ಹೌದು. ಆದರೆ ಅದನ್ನೆಲ್ಲ ಪಟ್ಟಿ ಮಾಡಿ, ಇಂಥ ಮಾತನ್ನ ದಯವಿಟ್ಟು ನನ್ನ ಹತ್ತಿರ ಆಡಬೇಡಿ ಅಂತ ಬರೀತಾನೆ. ಯಾರೂ ಮಾಡೋದಿಲ್ಲ ಅಂತ ಅವನಿಗೆ ಗೊತ್ತು."

"ಮತ್ತೆ ಪುಸ್ತಕ ಬಂದ ಮೇಲೆ ಮಾಡಿದ್ರಾ?"

"ಎಲ್ಲಿ ಮಾಡಿದ್ರು? ಓದಿ ಮಜಾ ತೆಗೆದುಕೊಂಡ್ರು. ಅದೂ ಅವನಿಗೆ ಮೊದಲೇ ಗೊತ್ತಿತ್ತು ಅನ್ನಿ. 1704ರಲ್ಲೇ ಬರೆದಿದ್ದ, ವ್ಯಂಗ್ಯ ಅನ್ನೋದು ಒಂದು ಕನ್ನಡಿ, ಅದರಲ್ಲಿ ನೋಡಿದೋರಿಗೆಲ್ಲ ತಮ್ಮ ಮುಖ ಬಿಟ್ಟು ಬೇರೆಯವರ ಮುಖವೇ ಕಾಣುತ್ತೆ ಅಂತ. ನಿಮ್ಮ ಪ್ರಶ್ನೆಗೆ ಉತ್ತರ ಅದೇ ರಾಯರೇ. ಬೈದದ್ದು ಪಕ್ಕದ ಮನೆಯವರಿಗೆ ಅಂತ ತಿಳಿದು ದುಡ್ಡು ಕೊಡ್ತಾರೆ."

ವಕೀಲರು ಒಪ್ಪಲಿಲ್ಲ. ಎಲ್ಲರೂ ಅಷ್ಟು ದಡ್ಡರಲ್ಲ, ತಮಗೇ ಬೈದದ್ದು ಅಂತ ಗೊತ್ತಿದ್ದೂ ನಗುವವರಿದ್ದಾರೆ ಎಂದರು. ಸಾಕ್ಷಿಗೆ ಆಸ್ಕರ್ ವೈಲ್ಡನ 'ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್' ಕರೆದರು. 1895ರ ಫೆಬ್ರವರಿ 14ರಂದು ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಮುಂದಿನ ಸಾಲಿನಲ್ಲಿ ಕೂತವರೆಲ್ಲ ದೊಡ್ಡ ಮನೆತನದವರು. ರಂಗದ ಮೇಲೆ ಲೇಡಿ ಬ್ರ್ಯಾಕ್ನೆಲ್ ಅನ್ನುವ ಮಹಾತಾಯಿ ಮಗಳನ್ನು ಕೇಳಿಕೊಂಡು ಬಂದ ಹುಡುಗನ ಸಂದರ್ಶನ ಮಾಡುತ್ತಾಳೆ.

"ಇದನ್ನ ನಾನು ಮಾಡಿ ತೋರಿಸ್ತೀನಿ," ಎಂದು ಮೇಡಂ ಬೆನ್ನು ನೆಟ್ಟಗೆ ಮಾಡಿ ಕೂತರು. ಸೆರಗು ಕೂಡ ಸರಿಮಾಡಿಕೊಂಡರು. "ಸಿಗರೇಟು ಸೇದ್ತೀಯಾ? ಸೇದ್ತೀನಿ ಅಂತಾನೆ. ಸಂತೋಷ, ಗಂಡಸಿಗೆ ಏನಾದ್ರೂ ಒಂದು ಕಸುಬು ಅಂತ ಇರ್ಬೇಕು. ಆದಾಯ ಎಷ್ಟು? ವರ್ಷಕ್ಕೆ ಏಳೆಂಟು ಸಾವಿರ ಪೌಂಡ್. ಜಮೀನಿನಿಂದಲೋ, ಹೂಡಿಕೆಯಿಂದಲೋ? ಹೆಚ್ಚಾಗಿ ಹೂಡಿಕೆ."

"ಒಳ್ಳೇ ಪಾರ್ಟಿ," ಎಂದರು ರಾಯರು.

"ತಂದೆ ತಾಯಿ? ಇಬ್ಬರನ್ನೂ ಕಳಕೊಂಡಿದ್ದೀನಿ. ಒಬ್ಬರನ್ನ ಕಳಕೊಳ್ಳೋದು ದುರದೃಷ್ಟ ಅನ್ನಬಹುದು, ಇಬ್ಬರನ್ನೂ ಕಳಕೊಳ್ಳೋದು ಬೇಜವಾಬ್ದಾರಿ ಅಂತಾಳೆ! ವಿಚಾರಿಸಿದ್ರೆ, ಅವನು ವಿಕ್ಟೋರಿಯಾ ಸ್ಟೇಷನ್ನಿನ ಲಗೇಜ್ ರೂಮಿನಲ್ಲಿ ಒಂದು ಕೈಚೀಲದಲ್ಲಿ ಸಿಕ್ಕಿದ ಮಗು. ಅದಕ್ಕೆ ಈಯಮ್ಮ ಕೊಡೋ ಸಲಹೆ ಕೇಳಿ. ಆದಷ್ಟು ಬೇಗ ಒಂದಿಷ್ಟು ಬಂಧು ಬಳಗ ಸಂಪಾದಿಸು. ತಂದೆಯೋ ತಾಯಿಯೋ, ಈ ಸೀಸನ್ ಮುಗಿಯೋದರೊಳಗೆ ಯಾರಾದ್ರೂ ಒಬ್ಬರನ್ನ ತಂದು ತೋರಿಸು."

ನಾವೆಲ್ಲ ನಕ್ಕೆವು. ರಾಯರು ಮಾತ್ರ ನಗಲಿಲ್ಲ. ಅವರ ಮಗಳ ಮದುವೆ ಮಾತುಕತೆಗೆ ಹೋದವನು ನಾನು. ಪ್ರಶ್ನೆಗಳು ಇದಕ್ಕಿಂತ ತುಂಬಾ ಬೇರೆಯಾಗೇನೂ ಇರಲಿಲ್ಲ.

"ಲಂಡನ್ನಿನ ದೊಡ್ಡವರೂ ಹೀಗೇ ಬಿದ್ದು ಬಿದ್ದು ನಕ್ಕರು," ಎಂದರು ವಕೀಲರು. "ಏಪ್ರಿಲ್‌ನಲ್ಲಿ ವೈಲ್ಡನನ್ನ ಅರೆಸ್ಟ್ ಮಾಡಿದ್ರು. ಗಂಡಸು ಗಂಡಸಿನ ಜೊತೆ ಸಂಬಂಧ ಇಟ್ಟುಕೊಳ್ಳೋದು ಆಗ ಅಪರಾಧ. ಪೋಸ್ಟರಿನಿಂದ ಅವನ ಹೆಸರು ತೆಗೆದ್ರು, ನಾಟಕ ಮಾತ್ರ ಇನ್ನೂ ಕೆಲವು ವಾರ ನಡೆಸಿದ್ರು. ಮೇ 25ಕ್ಕೆ ಎರಡು ವರ್ಷ ಕಠಿಣ ಸಜೆ. ಗೊತ್ತಾಯ್ತಾ? ರಂಗದ ಮೇಲೆ ಎಷ್ಟು ಬೇಕಾದ್ರೂ ಪ್ರಶ್ನೆ ಕೇಳಬಹುದು. ಬದುಕಿ ತೋರಿಸಿದ್ರೆ ಒಳಗೆ ಹಾಕ್ತಾರೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹರಟೆಯಲ್ಲಿ ಇಂಥ ಜಾಗ ಬಂದರೆ ಯಾರಾದರೂ ಎದ್ದು ಕೋಡುಬಳೆ ತರಬೇಕು. ನಾನು ತಂದೆ.

"ಮದುವೆ ಮಾರುಕಟ್ಟೆ ವಿಷಯ ಬಂದಾಗ ಜೇನ್ ಆಸ್ಟಿನ್ ಬಿಟ್ಟರೆ ಹೇಗೆ?" ಎಂದು ಮೇಡಂ ಮತ್ತೆ ಶುರು ಮಾಡಿದರು. "'ಪ್ರೈಡ್ ಆ್ಯಂಡ್ ಪ್ರೆಜುಡೀಸ್' ಪಾಠ ಮಾಡಿದಾಗಲೆಲ್ಲ ಹುಡುಗಿಯರಿಗೆ ಡಾರ್ಸಿ ಬೇಕು, ಇನ್ನೇನೂ ಬೇಡ. ನನಗೆ ಆ ಪುಸ್ತಕದಲ್ಲಿ ಮುಖ್ಯ ಅನ್ನಿಸೋದು ಶಾರ್ಲೆಟ್. ವಯಸ್ಸು 27. ದುಡ್ಡಿಲ್ಲ, ರೂಪ ಅಂಥಾದ್ದೇನಲ್ಲ. ಕಾಲಿನ್ಸ್ ಅನ್ನೋ ಮಹಾ ಬೋರನ್ನ ಮದುವೆಯಾಗ್ತಾಳೆ, ಕಣ್ಣು ಬಿಟ್ಟುಕೊಂಡೇ. ಆಮೇಲೆ ಏನು ಮಾಡ್ತಾಳೆ? ತಾನು ಕೂರೋದಕ್ಕೆ ಮನೆಯ ಹಿಂದಿನ ರೂಮು ಆರಿಸಿಕೊಳ್ತಾಳೆ. ಮುಂದಿನ ರೂಮು ಚೆನ್ನಾಗಿದ್ರೆ ಗಂಡ ಅಲ್ಲಿಗೇ ಬಂದು ಕೂತಾನಲ್ಲ! ಒಂದು ರೂಮಿನಲ್ಲಿ ಇಡೀ ಸಂಸಾರ ಹೇಳಿಬಿಟ್ಟಿದ್ದಾಳೆ."

"ಡಾರ್ಸಿಗೆ ಆದಾಯ ಎಷ್ಟು?" ರಾಯರು ಕೇಳಿಯೇಬಿಟ್ಟರು.

"ವರ್ಷಕ್ಕೆ ಹತ್ತು ಸಾವಿರ ಪೌಂಡ್."

"ಬರೆದಾಕೆಗೆ?"

"ಆ ಕಾದಂಬರಿಯ ಹಕ್ಕನ್ನೇ 110 ಪೌಂಡಿಗೆ ಮಾರಿದ್ಲು. 1813ರಲ್ಲಿ ಬಂದಾಗ ಪುಸ್ತಕದ ಮೇಲೆ ಅವಳ ಹೆಸರೂ ಇರಲಿಲ್ಲ."

"ಡಾರ್ಸಿಗೆ ಹತ್ತು ಸಾವಿರ, ಅವನನ್ನ ಹುಟ್ಟಿಸಿದೋಳಿಗೆ ನೂರಾ ಹತ್ತು," ಎಂದರು ರಾಯರು. "ಸಮಾಜ ವಿಮರ್ಶೆ ಮಾಡೋಕೆ ಕಾದಂಬರಿ ಯಾಕೆ ಬೇಕು ಮೇಡಂ, ಬ್ಯಾಲೆನ್ಸ್ ಶೀಟೇ ಸಾಕು."

ಪುಟ್ಟನಿಗೆ ಅಷ್ಟರಲ್ಲಿ ಬೇರೊಂದು ಯೋಚನೆ. "ನೀವು ಹೇಳಿದೋರಲ್ಲಿ ಸ್ವಿಫ್ಟ್ ಹುಟ್ಟಿದ್ದು ಡಬ್ಲಿನ್. ವೈಲ್ಡ್ ಡಬ್ಲಿನ್. ಈಗ ಬರ್ನಾರ್ಡ್ ಶಾ ಬರ್ತಾನೆ, ಅವನೂ ಡಬ್ಲಿನ್. ಇಂಗ್ಲಿಷ್‌ನೋರನ್ನ ಬೈಯೋ ಗುತ್ತಿಗೆಯನ್ನ ಪೂರ್ತಿ ಐರ್ಲೆಂಡಿನವರಿಗೇ ಕೊಟ್ಟಿದ್ರಾ?"

"ಹೊರಗಿನಿಂದ ಬಂದೋರಿಗೆ ಮನೆಯ ಧೂಳು ಜಾಸ್ತಿ ಕಾಣುತ್ತೆ," ಎಂದರು ವಕೀಲರು.

ಶಾ ಬಂದೇ ಬಂದ. 'ಪಿಗ್ಮೇಲಿಯನ್' ನಾಟಕ ಎಲ್ಲರಿಗೂ ಗೊತ್ತಿರುವುದೇ. ಹೂ ಮಾರುವ ಎಲೈಜಾಳಿಗೆ ದೊಡ್ಡವರಂತೆ ಮಾತಾಡಲು ಕಲಿಸಿದರೆ ದೊಡ್ಡವರೆಲ್ಲ ಅವಳನ್ನು ತಮ್ಮವಳೇ ಅಂದುಕೊಳ್ಳುತ್ತಾರೆ. ಹಾಗಾದರೆ ಕುಲೀನರು ಅನ್ನುವುದು ಉಚ್ಚಾರಣೆ ಅಷ್ಟೇನಾ ಅನ್ನುವುದು ಪ್ರಶ್ನೆ. ಆ ಪ್ರಶ್ನೆ ಜನರಿಗೆ ಬೇಕಾಗಲಿಲ್ಲ. ಅವರಿಗೆ ಬೇಕಾಗಿದ್ದು ಮದುವೆ.

"1914ರಲ್ಲಿ ಲಂಡನ್ನಿನಲ್ಲಿ ಹದಿನೆಂಟರ ಹುಡುಗಿ ಎಲೈಜಾ ಪಾತ್ರ ಮಾಡಿದೋರಿಗೆ 49 ವರ್ಷ, ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್," ಎಂದರು ಮೇಡಂ.

"ಅದು ನಮ್ಮ ಸಿನಿಮಾದಲ್ಲಿ ಹೀರೋಗಳಿಗೆ ಮಾತ್ರ ಇರೋ ಸೌಲಭ್ಯ," ಎಂದ ಪುಟ್ಟ.

"ಕೊನೆಗೆ ಎಲೈಜಾ ತನ್ನ ಪಾಡಿಗೆ ತಾನು ಹೊರಟುಹೋಗ್ತಾಳೆ, ಮೇಷ್ಟ್ರನ್ನ ಮದುವೆಯಾಗೋದಿಲ್ಲ. ಶಾ ಬರೆದದ್ದು ಅದು. ಮೇಷ್ಟ್ರ ಪಾತ್ರ ಮಾಡಿದ ಬೀರ್‌ಬೋಮ್ ಟ್ರೀ ಏನು ಮಾಡಿದ? ಪರದೆ ಬೀಳೋ ಹೊತ್ತಿಗೆ ಅವಳ ಕಡೆಗೆ ಹೂ ಎಸೆದ. ಜನಕ್ಕೆ ಅಷ್ಟು ಸಾಕು, ಇನ್ನೇನು ಲಗ್ನವೇ ಅಂದುಕೊಂಡು ಖುಷಿಯಾಗಿ ಮನೆಗೆ ಹೋದ್ರು. ಶಾ ಕೂಗಾಡಿದ. ನನ್ನ ಮುಕ್ತಾಯ ದುಡ್ಡು ತರುತ್ತೆ, ನೀನು ಕೃತಜ್ಞನಾಗಿರಬೇಕು ಅಂತ ಟ್ರೀ. ನಿನ್ನ ಮುಕ್ತಾಯ ಹಾಳಾಗಿಹೋಗಲಿ, ನಿನ್ನನ್ನ ಗುಂಡಿಟ್ಟು ಕೊಲ್ಲಬೇಕು ಅಂತ ಶಾ."

"ಆಮೇಲೆ?"

"ಆಮೇಲೆ ಶಾ ಉದ್ದದ ಟಿಪ್ಪಣಿ ಬರೆದ. ಅವಳು ಫ್ರೆಡ್ಡಿ ಅನ್ನೋ ಹುಡುಗನ್ನ ಮದುವೆಯಾಗಿ ಹೂವಿನ ಅಂಗಡಿ ಇಟ್ಟಳು, ಸಾಕಲ್ಲ, ಸುಮ್ನಿರಿ ಅಂತ. ಯಾರೂ ಸುಮ್ಮನಿರಲಿಲ್ಲ. 1938ರ ಸಿನಿಮಾದಲ್ಲೂ ಅವಳು ಮೇಷ್ಟ್ರ ಹತ್ತಿರವೇ ವಾಪಸ್ ಬರ್ತಾಳೆ."

ರಾಯರು ಟ್ರೀ ಪಕ್ಷ. ಕಲಿಸಿದವನಿಗೆ ಹುಡುಗಿ ಸಿಗದಿದ್ದರೆ ಅಷ್ಟು ತಿಂಗಳ ಖರ್ಚು ಯಾವ ಲೆಕ್ಕಕ್ಕೆ ಬರೆಯುವುದು ಎಂದರು. ಮೇಡಂ ಅವರ ಕಡೆ ನೋಡಿದ ನೋಟಕ್ಕೆ ರಾಯರು ಕೋಡುಬಳೆಯ ಕಡೆ ತಿರುಗಿದರು.

"ಅಮೆರಿಕಕ್ಕೆ ಬನ್ನಿ," ಎಂದ ಪುಟ್ಟ. ಅವನ ಅರ್ಧ ಗೆಳೆಯರು ಅಲ್ಲೇ ಇರುವುದು. "ಮಾರ್ಕ್ ಟ್ವೈನ್. ಆದರೆ ನನಗೊಂದು ಆಕ್ಷೇಪ. ಅಲ್ಲಿ ಗುಲಾಮಗಿರಿ ಹೋಗಿದ್ದು 1865ರಲ್ಲಿ. 'ಹಕಲ್‌ಬರಿ ಫಿನ್' ಅಲ್ಲಿ ಬಂದಿದ್ದು 1885ರಲ್ಲಿ. ಸತ್ತ ಹಾವಿಗೆ ಹೊಡೆದ ಹಾಗಾಗ್ಲಿಲ್ವಾ?"

"ಕಾನೂನು ಸತ್ತಿತ್ತು, ಮನಸ್ಸು ಸತ್ತಿರಲಿಲ್ಲ," ಎಂದರು ಮೇಡಂ. "ಹಕ್ ಸಣ್ಣ ಹುಡುಗ. ಓಡಿಹೋಗ್ತಿರೋ ಗುಲಾಮ ಜಿಮ್ ಜೊತೆ ತೆಪ್ಪದಲ್ಲಿ ನದಿ ಮೇಲೆ ಹೋಗ್ತಿದ್ದಾನೆ. ಗುಲಾಮನಿಗೆ ಸಹಾಯ ಮಾಡೋದು ಕಳ್ಳತನ, ಪಾಪ, ನರಕಕ್ಕೆ ಹೋಗ್ತೀಯ ಅಂತ ಊರು ಅವನಿಗೆ ಕಲಿಸಿದೆ. ಅವನೂ ಅದನ್ನ ನಂಬಿದ್ದಾನೆ. ಜಿಮ್‌ನ ಯಜಮಾನಿಗೆ ಸುಳಿವು ಕೊಟ್ಟು ಒಂದು ಕಾಗದ ಬರೀತಾನೆ. ಬರೆದು ಮನಸ್ಸು ಹಗುರ ಆಯ್ತು ಅಂತಲೂ ಅಂದುಕೊಳ್ತಾನೆ. ಆಮೇಲೆ ಜಿಮ್ ತನ್ನನ್ನ ನೋಡಿಕೊಂಡಿದ್ದು ನೆನಪಾಗುತ್ತೆ. ಸರಿ, ಹಾಗಾದ್ರೆ ನರಕಕ್ಕೇ ಹೋಗ್ತೀನಿ ಅಂತ ಕಾಗದ ಹರಿದು ಹಾಕ್ತಾನೆ. ನೋಡಿ, ಊರು ತಪ್ಪು, ನಾನು ಸರಿ ಅಂತ ಅವನಿಗೆ ಅನ್ನಿಸೋದೇ ಇಲ್ಲ. ತಾನು ಕೆಟ್ಟೋನು ಅಂತ ನಂಬಿಕೊಂಡೇ ಒಳ್ಳೇ ಕೆಲಸ ಮಾಡ್ತಾನೆ. ಭಾಷಣ ಮಾಡೋ ನಾಯಕ ಆಗಿದ್ರೆ ಈ ಪುಸ್ತಕ ಯಾರೂ ಓದ್ತಿರಲಿಲ್ಲ."

ಇದಕ್ಕೆ ಪುಟ್ಟನೂ ಮರುಮಾತಾಡಲಿಲ್ಲ. ಅದು ಅಪರೂಪ.

"ಓದಿದೋರಿಗೆ ಸಿಟ್ಟು ಬಂತಾ?" ಎಂದು ಕೇಳಿದೆ.

"ಬಂತು. ಗುಲಾಮಗಿರಿಗಲ್ಲ, ಹಕ್‌ನ ಒರಟು ಮಾತಿಗೆ! ಮ್ಯಾಸಚೂಸೆಟ್ಸ್‌ನ ಕಾನ್‌ಕಾರ್ಡ್ ಊರಿನ ಗ್ರಂಥಾಲಯ ಆ ಪುಸ್ತಕವನ್ನ ಹೊರಗೆ ಹಾಕಿತು. ಇದು ಕಸ, ಕೊಳೆಗೇರಿಗೆ ಮಾತ್ರ ಲಾಯಕ್ಕು ಅಂತ. ಟ್ವೈನ್ ಕುಣಿದಾಡಿದ. ಇದರಿಂದ ಇನ್ನೂ 25,000 ಪ್ರತಿ ಖಂಡಿತ ಖರ್ಚಾಗುತ್ತೆ ಅಂತ ತನ್ನ ಪ್ರಕಾಶಕನಿಗೆ ಬರೆದ."

"ಭಲೇ!" ರಾಯರು ಕೊನೆಗೂ ತಮ್ಮ ಲೇಖಕನನ್ನು ಕಂಡುಕೊಂಡಿದ್ದರು.

"ತಮಾಷೆ ಏನಂದ್ರೆ, ಅದೇ ಕಾನ್‌ಕಾರ್ಡ್‌ನಲ್ಲೇ ಥೋರೋ ಇದ್ದಿದ್ದು," ಎಂದರು ವಕೀಲರು. "ಗುಲಾಮಗಿರಿ ಒಪ್ಪೋ ಸರ್ಕಾರಕ್ಕೆ ತೆರಿಗೆ ಕೊಡಲ್ಲ ಅಂತ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದೋನು. ನಮ್ಮ ಗಾಂಧೀಜಿ ಅವನ ಪ್ರಬಂಧ ಓದಿ ಮೆಚ್ಚಿದೋರು. ಅಂಥ ಊರಿಗೆ ಒಬ್ಬ ಪೋರ ಒರಟಾಗಿ ಮಾತಾಡಿದ್ದು ಜೀರ್ಣ ಆಗ್ಲಿಲ್ಲ."

ಜೀರ್ಣದ ಮಾತು ಬಂದಿದ್ದೇ ತಡ, ಪುಟ್ಟ ಅಪ್ಟನ್ ಸಿಂಕ್ಲೇರ್‌ನನ್ನು ಎಳೆದು ತಂದ. ಶಿಕಾಗೋದ ಕಸಾಯಿಖಾನೆಗಳಲ್ಲಿ ಕಾರ್ಮಿಕರ ಮಧ್ಯೆ ವಾರಗಟ್ಟಲೆ ಓಡಾಡಿ, 1906ರಲ್ಲಿ 'ದಿ ಜಂಗಲ್' ಪ್ರಕಟಿಸಿದವನು. ಲಿಥುವೇನಿಯಾದಿಂದ ಹೊಟ್ಟೆಪಾಡಿಗೆ ಬಂದ ಒಂದು ಕುಟುಂಬ ಆ ಕಾರ್ಖಾನೆಗಳಲ್ಲಿ ಸವೆದು ಹೋಗುವ ಕತೆ. ಕಾರ್ಮಿಕರ ಪಾಡು ಕಂಡು ದೇಶ ಮರುಗಲಿ, ಸಮಾಜವಾದ ಬರಲಿ ಅನ್ನುವುದು ಅವನ ಆಸೆ.

"ಮಧ್ಯೆ ಕೆಲವು ಪುಟಗಳಲ್ಲಿ ಸಾಸೇಜ್ ಹೇಗೆ ಮಾಡ್ತಾರೆ ಅಂತ ಬರೆದುಬಿಟ್ಟ. ಮಾಂಸದ ರಾಶಿ ಮೇಲೆ ಇಲಿ ಓಡಾಡೋದು, ಇಲಿಗೆ ಇಟ್ಟ ವಿಷದ ಬ್ರೆಡ್ಡು, ಸತ್ತ ಇಲಿ, ಎಲ್ಲಾ ಒಟ್ಟಿಗೆ ಯಂತ್ರದೊಳಗೆ..."

"ಶಿವ ಶಿವಾ, ಸಾಕು," ಎಂದರು ರಾಯರು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟಿದವರಲ್ಲ. ಆದರೂ ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ವಾಪಸ್ ಇಟ್ಟರು.

"ಅಮೆರಿಕದೋರೂ ಹಾಗೇ ವಾಪಸ್ ಇಟ್ರು ಅಂಕಲ್. ಅಧ್ಯಕ್ಷ ರೂಸ್‌ವೆಲ್ಟ್ ತನಿಖೆಗೆ ಜನ ಕಳಿಸಿದ. ಜೂನ್ 30ಕ್ಕೆ ಎರಡು ಕಾನೂನು ಬಂತು. ಒಂದು ಮಾಂಸ ತಪಾಸಣೆಗೆ, ಇನ್ನೊಂದು ಆಹಾರ, ಔಷಧಿ ಕಲಬೆರಕೆ ತಡೆಯೋಕೆ. ಪುಸ್ತಕ ಬಂದು ಆರು ತಿಂಗಳೂ ಆಗಿರಲಿಲ್ಲ."

"ನೋಡಿ ಮೇಡಂ," ಎಂದರು ವಕೀಲರು, "ಕನ್ನಡಿ ಗಿನ್ನಡಿ ಎಲ್ಲ ಸುಳ್ಳು. ಪುಸ್ತಕದಿಂದ ಕಾನೂನೇ ಬದಲಾಯ್ತಲ್ಲ!"

"ಯಾವ ಕಾನೂನು? ತಿನ್ನೋರ ಪ್ಲೇಟಿನ ಕಾನೂನು. ಕೊಚ್ಚೋರ ಕೂಲಿ ವಿಷಯಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಸಿಂಕ್ಲೇರೇ ಹೇಳಿದ, ನಾನು ಜನರ ಹೃದಯಕ್ಕೆ ಗುರಿ ಇಟ್ಟೆ, ತಪ್ಪಿ ಹೊಟ್ಟೆಗೆ ಬಿತ್ತು ಅಂತ."

ವಕೀಲರು ಈ ಕೇಸು ಸೋತರು. ಸೋತ ವಕೀಲರು ಸುಮ್ಮನಿರುವುದಿಲ್ಲ, ಮೇಲಿನ ಕೋರ್ಟಿಗೆ ಹೋಗುತ್ತಾರೆ. ನೇರವಾಗಿ 1960ರ ಲಂಡನ್ನಿನ ಓಲ್ಡ್ ಬೇಲಿಗೆ ಹೋದರು. ಡಿ. ಎಚ್. ಲಾರೆನ್ಸ್ ತೀರಿಕೊಂಡು ಮೂವತ್ತು ವರ್ಷವಾದ ಮೇಲೆ ಪೆಂಗ್ವಿನ್‌ನವರು 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯನ್ನು ಏನೂ ಕತ್ತರಿಸದೆ ಅಚ್ಚು ಹಾಕಲು ಹೊರಟಿದ್ದರು. ಜಮೀನ್ದಾರನ ಹೆಂಡತಿ, ಅವನ ಕಾಡು ಕಾಯುವ ಆಳು, ಇಬ್ಬರ ಪ್ರೇಮ. ಅಶ್ಲೀಲ ಅಂತ ಸರ್ಕಾರ ಕೇಸು ಹಾಕಿತು. ಪುಸ್ತಕದ ಪರ ಸಾಕ್ಷಿ ಹೇಳಲು 35 ಜನ ಬಂದರು. ಅದರಲ್ಲಿ ಒಬ್ಬ ಬಿಷಪ್ ಕೂಡ.

"ಸರ್ಕಾರಿ ವಕೀಲ ಎದ್ದು ಜ್ಯೂರಿಯನ್ನ ಕೇಳ್ತಾನೆ," ಎಂದರು ವಕೀಲರು, ಇಲ್ಲದ ಕೋಟು ಎಳೆದುಕೊಂಡು. "ಈ ಪುಸ್ತಕ ನಿಮ್ಮ ಮನೆಯಲ್ಲಿ ಬಿದ್ದಿರಲಿ ಅಂತ ನೀವು ಬಯಸ್ತೀರಾ? ಇದನ್ನ ನಿಮ್ಮ ಹೆಂಡತಿ, ನಿಮ್ಮ ಮನೆಯಾಳುಗಳು ಓದಲಿ ಅಂತ ಬಯಸ್ತೀರಾ? ಆ ಜ್ಯೂರಿಯಲ್ಲೇ ಮೂರು ಜನ ಹೆಂಗಸರು ಕೂತಿದ್ರು!"

"ಅಲ್ಲಿಗೇ ಕೇಸು ಹೋಯ್ತು," ಎಂದ ಪುಟ್ಟ.

"ಹೋಯ್ತು. ನವೆಂಬರ್ 2ಕ್ಕೆ ನಿರಪರಾಧಿ ಅಂತ ತೀರ್ಪು. ಬೆಲೆ ಮೂರೂವರೆ ಶಿಲಿಂಗ್. ಅಂಗಡಿಗೆ ಬಂದ ದಿನವೇ ಎರಡು ಲಕ್ಷ ಪ್ರತಿ ಖರ್ಚು."

"ನೀವು ಹೇಳಿ ರಾಯರೇ," ಎಂದರು ಮೇಡಂ. "ಮನೆಯೋರಿಗೆ ಓದೋಕೆ ಬಿಡ್ತಿದ್ರಾ?"

ರಾಯರು ಗಂಟಲು ಸರಿಮಾಡಿಕೊಂಡರು. ಉತ್ತರ ಒಳಗಿನಿಂದ ಬಂತು. "ಅವರು ಬಿಡೋದೇನು ಬಂತು? ಕಾಲೇಜಿನಲ್ಲಿದ್ದಾಗಲೇ ಓದಿದ್ದೀನಿ. ಅಟ್ಟದ ಮೇಲೆ ನನ್ನ ಟ್ರಂಕಿನಲ್ಲಿದೆ."

ಜಗಲಿ ಸ್ತಬ್ಧ. ಮೊದಲು ಚೇತರಿಸಿಕೊಂಡವರು ವಕೀಲರು. "ಅತ್ತಿಗೆ, ಆ ಪುಸ್ತಕ ನಿಮಗೆ ಎಲ್ಲಿ ಸಿಕ್ತು? ಅದನ್ನ ಮಾರಿದ ಮುಂಬೈನ ಅಂಗಡಿಯವರಿಗೆ ಶಿಕ್ಷೆಯಾಗಿ, 1964ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡಿದಿತ್ತು."

"ಕೇಸು ಹಾಕೋರಿಗೆ ನಾನು ಹೇಳೋದಿಲ್ಲ," ಎಂದು ಒಳಗಿನ ದನಿ.

"ಅಲ್ಲಿ ಬಿಟ್ಟಿದ್ದನ್ನ ಇಲ್ಲಿ ಯಾಕೆ ಹಿಡಿದ್ರು?" ಎಂದು ಕೇಳಿದೆ.

"ಇಂಗ್ಲೆಂಡಿನಲ್ಲಿ 1868ರ ಒಂದು ಹಳೇ ತೀರ್ಪಿತ್ತು. ಕೆಡೋ ಸ್ವಭಾವದೋರ ಕೈಗೆ ಸಿಕ್ಕರೆ ಅವರನ್ನ ಕೆಡಿಸೋ ಹಾಗಿದ್ರೆ ಅದು ಅಶ್ಲೀಲ ಅಂತ. ಅವರು 1959ರಲ್ಲಿ ಹೊಸ ಕಾನೂನು ಮಾಡಿಕೊಂಡ್ರು. ನಾವು ಹಳೇದನ್ನೇ ಜೋಪಾನವಾಗಿ ಇಟ್ಟುಕೊಂಡ್ವಿ. ಸುಪ್ರೀಂ ಕೋರ್ಟ್ ಅದನ್ನ ಕೈಬಿಟ್ಟಿದ್ದು 2014ರಲ್ಲಿ."

"1868ರಿಂದ 2014, ಒಟ್ಟು 146 ವರ್ಷ," ಎಂದರು ರಾಯರು. "ಯಾವ ಫಿಕ್ಸೆಡ್ ಡೆಪಾಸಿಟ್ಟೂ ಇಷ್ಟು ಸಲ ರಿನ್ಯೂ ಆಗಿದ್ದು ನಾನು ನೋಡಿಲ್ಲ." ಹೆಂಡತಿಯ ಟ್ರಂಕಿನಿಂದ ಮಾತು ಬೇರೆ ಕಡೆ ಹೋದದ್ದು ಅವರಿಗೆ ಸಮಾಧಾನ ತಂದಿತ್ತು.

ಪುಟ್ಟ ಬಿಡಬೇಕಲ್ಲ. "ಆ ಪುಸ್ತಕಕ್ಕೆ ಬೆಸ್ಟ್ ವಿಮರ್ಶೆ ಬಂದಿದ್ದು ಅಮೆರಿಕದಲ್ಲಿ. ಬೇಟೆ, ಮೀನು ಹಿಡಿಯೋದು ಇಂಥಾದ್ದಕ್ಕೇ ಇರೋ 'ಫೀಲ್ಡ್ ಆ್ಯಂಡ್ ಸ್ಟ್ರೀಮ್' ಅನ್ನೋ ಪತ್ರಿಕೆ. 1959ರಲ್ಲಿ ಎಡ್ ಜರ್ನ್ ಅನ್ನೋನು ಗಂಭೀರವಾಗಿ ಬರೆದ. ಕಾಡು ಕಾಯೋನ ದಿನಚರಿ ಚೆನ್ನಾಗಿ ಬಂದಿದೆ, ಫೆಸೆಂಟ್ ಹಕ್ಕಿ ಸಾಕೋ ವಿಷಯವೂ ಇದೆ, ಆದರೆ ಅದಕ್ಕೋಸ್ಕರ ಸಂಬಂಧವಿಲ್ಲದ ಪುಟಗಳನ್ನ ಬಹಳ ದಾಟಬೇಕಾಗುತ್ತೆ ಅಂತ."

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸ್ವಿಫ್ಟ್ ಬದುಕಿದ್ದರೆ ಇವನಿಗೆ ಊಟ ಹಾಕಿಸುತ್ತಿದ್ದ ಎಂದರು. ಏನು ಊಟ ಅಂತ ನಾವು ಕೇಳಲಿಲ್ಲ.

ರಾಯರು ಮಾತ್ರ ಏನೋ ಯೋಚಿಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಕಡೆ ತಿರುಗಿ, "ಲೇ, ಆ ಟ್ರಂಕು ಇಳಿಸೋಣ್ವಾ? ಹಕ್ಕಿ ಸಾಕೋದರ ಬಗ್ಗೆ ಏನೋ ಇದೆಯಂತೆ," ಎಂದರು.

"ಹಕ್ಕಿ ವಿಷಯ ಹತ್ತನೇ ಅಧ್ಯಾಯದಲ್ಲಿದೆ," ಎಂದಿತು ಒಳಗಿನ ದನಿ. "ಏಣಿ ನೀವೇ ತನ್ನಿ."